ತಪ್ಪು ಬರೆದುಬಿಟ್ಟರೆ ಅಂತ ಹೆದರಬೇಡ ಪುಟ್ಟಿ

ಕೊಪ್ಪಳ

ಪ್ರೀತಿಯ ಪುಟ್ಟಿಗೆ ಅತ್ತೆಯ ಆಶೀರ್ವಾದ.

ಇಲ್ಲಿಯ ಸುದ್ದಿ ಎಲ್ಲ ನಿಮ್ಮಪ್ಪ ಫೋನಲ್ಲಿ ಹೇಳಿರುತ್ತಾನೆ, ನಾನು ಮತ್ತೆ ಬರೆಯುವುದಿಲ್ಲ. ಮನೆತನದ ಚರಿತ್ರೆ ಬರೆಯಲು ಕೂತಿದ್ದೀಯ ಅಂತ ಓದಿ ಖುಷಿ ಆಯ್ತು. ಆದರೆ ಕೊನೆಗೆ ಒಂದು ಸಾಲು ಹಾಕಿದ್ದೀಯಲ್ಲ, "ನಾನು ತಪ್ಪು ಬರೆದುಬಿಟ್ಟರೆ ಮುಂದಿನವರಿಗೆ ಅದೇ ನಿಜ ಆಗಿಬಿಡುತ್ತಲ್ವಾ ಅತ್ತೆ" ಅಂತ, ಅದು ತಲೆಯಲ್ಲೇ ಕೂತುಬಿಟ್ಟಿದೆ. ಹಾಗೇನೂ ಆಗಲ್ಲ ಬಿಡು ಅಂತ ಬರೆಯಬೇಕೆಂದಿದ್ದೆ. ಮನಸ್ಸು ಬರಲಿಲ್ಲ. ಯಾಕಂದ್ರೆ ಆಗುತ್ತೆ.

ಟ್ರಂಕಿನಲ್ಲಿ ಸಿಕ್ಕ ವಂಶವೃಕ್ಷದ ಕಾಗದದ ಫೋಟೋ ಕಳಿಸಿದ್ದೀಯಲ್ಲ, ನೋಡಿದೆ. ಮೇಲೆ ನಮ್ಮಪ್ಪ, ಕೆಳಗೆ ಮೂರು ಗಂಡುಮಕ್ಕಳು, ಮೂಲೆಯಲ್ಲಿ ದುಂಡು ಸೀಲು. ಸೀಲಿನ ಮಸಿ ಹರಡಿ ನಿಮ್ಮ ದೊಡ್ಡಪ್ಪನ ಹೆಸರಿನ ಕೊನೆಯ ಅಕ್ಷರ ಮುಚ್ಚಿಹೋಗಿದೆ. ಅದನ್ನೇ ಇಟ್ಟುಕೊಂಡು ಶುರು ಮಾಡಿದ್ದೀಯ. ಸರಿ. ಅದರಲ್ಲಿ ನಾನೆಲ್ಲಿದ್ದೀನಿ?

ಸಿಟ್ಟಿನಿಂದ ಕೇಳುತ್ತಿಲ್ಲ. ಆಗ ಹಾಗೇ ನಡೆಯುತ್ತಿತ್ತು. ಹೆಣ್ಣುಮಕ್ಕಳ ಹೆಸರು ಹಾಕಿದರೆ ಅವರನ್ನೂ ಸಹಿಗೆ ಕರೆಸಬೇಕು, ಕೊಟ್ಟ ಮನೆಯವರು ಏನಂತಾರೋ, ಸುಮ್ನೆ ಯಾಕೆ ತಲೆನೋವು ಅಂತ ಬಿಟ್ಟರು. ಪಂಚರು ಹೌದು ಅಂದರು, ಸೀಲು ಬಿತ್ತು. ನಾನೂ ಅಕ್ಕನೂ ಅವತ್ತು ಒಳಗೆ ಅವರಿಗೇ ಚಹಾ ಕಾಸುತ್ತಿದ್ದೆವು. ಅಕ್ಕನಿಗೆ ಮಕ್ಕಳಿರಲಿಲ್ಲ, ನಿನಗೆ ಗೊತ್ತು. ನಾಳೆ ಆ ಕಾಗದ ಒಂದೇ ಉಳಿದರೆ ಅವಳು ಹುಟ್ಟೇ ಇಲ್ಲ ಅಂತ ಆಗುತ್ತೆ. ನಿನ್ನ ಸಾಲು ಓದಿ ನನಗೆ ಹೇಗಾಗಿರಬೇಡ!

ಹಾಗಂತ ಬರೆಯೋದು ಬಿಟ್ಟುಬಿಡಬೇಡ. ನಾನೇನು ಇದರಲ್ಲಿ ತಿಳಿದವಳಲ್ಲ, ಆದರೂ ಹೇಳುತ್ತೇನೆ, ಸರಿ ಅನಿಸಿದರೆ ಮಾಡು. ಪ್ರತಿ ಹೆಸರಿನ ಪಕ್ಕ ಯಾರು ಹೇಳಿದರು, ಯಾವತ್ತು ಹೇಳಿದರು ಅಂತ ಬರಿ. "ಅತ್ತೆ ಹೇಳಿದ್ದು" ಅಂತಿದ್ದರೆ ತಪ್ಪು ಅತ್ತೆಯ ತಲೆಗೆ, ನಿನಗಲ್ಲ. ಇಬ್ಬರು ಎರಡು ಥರ ಹೇಳಿದರೆ ಎರಡನ್ನೂ ಇಡು. ಒಂದನ್ನು ಅಳಿಸಿ ಇನ್ನೊಂದನ್ನು ಉಳಿಸೋಕೆ ಹೋಗಬೇಡ, ಯಾವುದು ನಿಜವೋ ಇನ್ನೂ ಹತ್ತು ವರ್ಷ ಬಿಟ್ಟು ಗೊತ್ತಾದೀತು.

ಕಾಗದದಲ್ಲಿದೆ ಅಂತ ಕಣ್ಣುಮುಚ್ಚಿ ನಂಬಲೂ ಬೇಡ. ನನ್ನ ಆಧಾರ್‌ನಲ್ಲಿ ಹುಟ್ಟಿದ ದಿನ ಜೂನ್ 1. ನಮ್ಮವ್ವ ಹೇಳುತ್ತಿದ್ದದ್ದು ಬಿಳಿಜೋಳದ ಸುಗ್ಗಿಯಲ್ಲಿ ಹುಟ್ಟಿದೆ ಅಂತ. ಜೂನ್‌ನಲ್ಲಿ ಎಲ್ಲಿಯ ಬಿಳಿಜೋಳ? ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡದ್ದು ಅದು. ನಮ್ಮ ವಯಸ್ಸಿನವರಲ್ಲಿ ಅರ್ಧ ಜನ ಜೂನ್ 1ಕ್ಕೇ ಹುಟ್ಟಿದ್ದಾರೆ, ನಗಬೇಡ. ಈಗ ಬ್ಯಾಂಕಿನವರು ಆ ದಿನವೇ ನನಗೆ ಶುಭಾಶಯದ ಮೆಸೇಜು ಕಳಿಸುತ್ತಾರೆ. ನೋಡು, ತಪ್ಪು ನಿಜ ಆಗಿದ್ದು ಹೀಗೆ.

ಇನ್ನೊಂದು. ಯಾರಾದರೂ ಸಂವತ್ಸರದ ಹೆಸರು ಹೇಳಿದರೆ ಹುಷಾರು. 60 ವರ್ಷಕ್ಕೊಮ್ಮೆ ಅದೇ ಹೆಸರು ಮತ್ತೆ ಬರುತ್ತೆ. ಧಾತು 1876ರಲ್ಲೂ ಬಂದಿತ್ತು, 1936ರಲ್ಲೂ ಬಂತು. "ಧಾತು ಬರಗಾಲದಾಗ ಹುಟ್ಟಿದ್ದು" ಅಂದರೆ ಆ ದೊಡ್ಡ ಬರ, 1876ರದ್ದು. ಬರೀ "ಧಾತು" ಅಂದರೆ ಯಾವುದು ಅಂತ ತಿರುಗಿ ಕೇಳು, ಇಲ್ಲದಿದ್ದರೆ ಅಜ್ಜ ಹೋಗಿ ಮುತ್ತಜ್ಜನ ಜಾಗದಲ್ಲಿ ಕೂರುತ್ತಾನೆ. ನಮ್ಮಲ್ಲಂತೂ ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುತ್ತಾರೆ, ಇಬ್ಬರನ್ನೂ ಒಬ್ಬನೇ ಅಂತ ಬರೆದರೂ ಕೇಳುವವರಿಲ್ಲ. ಹೆಂಡತಿಯ ಹೆಸರನ್ನೂ ಕೇಳಿಕೊಂಡರೆ ಬೇರೆ ಬೇರೆ ಅಂತ ತಿಳಿಯುತ್ತೆ.

ಹಳೇ ಹೊಲದ ಕಾಗದ ಉರ್ದುವಿನಲ್ಲಿವೆ ಅಂತ ಬರೆದಿದ್ದೀಯ. ಇರಲೇಬೇಕು, ತುಂಗಭದ್ರಾ ಹೊಳೆಯ ಈಚೆ ನಿಜಾಮರದ್ದಲ್ವಾ. ಹೊಳೆಯಾಚೆ ಬಳ್ಳಾರಿಯ ಕಂಪ್ಲಿ ಕಡೆ ಹೋದ ನಮ್ಮವರದ್ದು ಮದ್ರಾಸ್ ಸರ್ಕಾರದ ಕಾಗದ. ಬಳ್ಳಾರಿ 1953ರಲ್ಲೇ ಮೈಸೂರು ರಾಜ್ಯಕ್ಕೆ ಸೇರಿತು, ನಾವು 1956ರಲ್ಲಿ. ಆಗ ಕೊಪ್ಪಳ ರಾಯಚೂರು ಜಿಲ್ಲೆಯೊಳಗೇ ಇತ್ತು, ಅದಕ್ಕೆ ಹಳೆಯದನ್ನು ರಾಯಚೂರಿನಲ್ಲೂ ವಿಚಾರಿಸು. ಆ ಕಾಗದಗಳಲ್ಲಿರೋ ಫಸಲಿ ವರ್ಷ ಅಂದರೆ ಕಂದಾಯದ ಲೆಕ್ಕದ ವರ್ಷ, ಅದಕ್ಕೆ 590 ಕೂಡಿಸು, 1357 ಅಂದರೆ 1947-48. ಉರ್ದು ಬಲ್ಲವರಿಂದ ಓದಿಸು. ಅಂದಾಜಿನ ಮೇಲೆ ಬರೆಯಬೇಡ, ನೀನು ಹೆದರುವ ತಪ್ಪು ನುಸುಳೋದು ಅಲ್ಲೇ.

ನಾನು ಸಣ್ಣವಳಿದ್ದಾಗ ಸುಗ್ಗಿ ಮುಗಿದ ಮೇಲೆ ಮನೆತನಗಳ ವಂಶಾವಳಿ ಹೇಳುವ ಹೆಳವರು ಬರುತ್ತಿದ್ದರು. ಎತ್ತಿನ ಕೊರಳ ಗಂಟೆ ಕೇಳಿದರೆ ಓಡಿ ಹೋಗುತ್ತಿದ್ದೆವು. ಕಟ್ಟೆಯ ಮೇಲೆ ಕೂತು ನಮ್ಮ ಮನೆತನದ ಹೆಸರುಗಳನ್ನು ಒಂದೇ ಉಸಿರಿಗೆ ಹೇಳಿಬಿಡುತ್ತಿದ್ದ ಆ ಮುದುಕ, ಎಲ್ಲಿಂದ ಬಂದರು, ಯಾವ ಊರು ಬಿಟ್ಟರು, ಎಲ್ಲ. ಆಮೇಲೆ ಪುಸ್ತಕ ಬಿಚ್ಚಿ, ಹೊಸದಾಗಿ ಹುಟ್ಟಿದವರ ಹೆಸರು ಕೇಳುತ್ತಿದ್ದ. ನಮ್ಮವ್ವ ಮೊರದ ತುಂಬ ಜೋಳ ತಂದವಳು ಕೊಡದೆ ಹಾಗೇ ನಿಂತು, "ನಮ್ಮ ಹುಡುಗಿಯರದ್ದೂ ಬರಕೋ" ಅಂದಳು. ಅವನು ಏನೋ ಗೀಚಿದ. ನಮ್ಮ ಹೆಸರೋ, ಸುಮ್ನೆ ಅವಳ ಸಮಾಧಾನಕ್ಕೋ. ಆ ಹೆಳವ ಯಾವ ಊರಿನವನು ಅಂತ ಕೂಡ ಯಾರೂ ಕೇಳಿಡಲಿಲ್ಲವಲ್ಲ ಅಂತ ಈಗ ಹೊಟ್ಟೆ ಉರಿಯುತ್ತೆ. ಒಂದೊಂದು ಮನೆತನಕ್ಕೆ ಇಂಥ ಹೆಳವರು ಅಂತ ಇರುತ್ತಾರೆ, ಅವರ ಮಕ್ಕಳ ಹತ್ತಿರ ಪುಸ್ತಕ ಇದ್ದರೂ ಇರಬಹುದು. ಸಾಧ್ಯವಾದರೆ ಹುಡುಕು.

ನಮ್ಮವ್ವನ ತವರೂರು ತುಂಗಭದ್ರಾ ಡ್ಯಾಮಿನಲ್ಲಿ ಮುಳುಗಿತು, ಆ ಕಡೆಯವರು ದಿಕ್ಕಾಪಾಲಾದರು. ಅವ್ವನ ಅವ್ವನ ಹೆಸರೇನು ಅಂದರೆ ನನಗೂ ಗೊತ್ತಿಲ್ಲ. ಆ ಜಾಗ ಖಾಲಿ ಬಿಡು ಪುಟ್ಟಿ. ಚಂದ ಕಾಣಲಿ ಅಂತ ಯಾರೋ ಅಂದದ್ದನ್ನು ತುಂಬಬೇಡ. ಖಾಲಿ ಇದ್ದರೆ ಯಾರಾದರೂ ಮುಂದೆ ಕೇಳಿಯಾರು. ತುಂಬಿದ ಮೇಲೆ ಯಾರೂ ಕೇಳಲ್ಲ.

ಸಿಂಧನೂರಿನ ಸಣ್ಣಜ್ಜಿಗೆ ಆ ಹೆಸರು ಗೊತ್ತಿರಬಹುದು. ಅವಳನ್ನು ಕೇಳುವುದಾದರೆ ಬೆಳಿಗ್ಗೆಯೇ ಕೇಳಬೇಕು, ಊಟ ಆದ ಮೇಲೆ ಒಬ್ಬರ ಹೆಸರು ಇನ್ನೊಬ್ಬರಿಗೆ ಇಡುತ್ತಾಳೆ. ಫೋನಿನಲ್ಲಿ ರೆಕಾರ್ಡ್ ಮಾಡಿಕೋ, ಆದರೆ ಮೊದಲೇ ಹೇಳಿ ಮಾಡು. ಹಳೇ ಫೋಟೋ ತೋರಿಸಿದರೆ ಜಾಸ್ತಿ ಮಾತಾಡುತ್ತಾಳೆ. ಹಿಂದಿನ ದಿನವೇ ಬಂದು ನಮ್ಮಲ್ಲಿ ಇರು, ಬೆಳಗಿನ ಮೊದಲ ಬಸ್ಸಿಗೆ ಇಬ್ಬರೂ ಹೋಗೋಣ.

ಇಂತಿ,
ನಿನ್ನ ಅತ್ತೆ