ಯಾವುದು ಹಿಗ್ಗಬಾರದು?

ಪ್ರೀತಿಯ ಗೆಳತಿ,

ನಿನ್ನ ಕಾಮಿಕ್ಸ್ ಸ್ಕ್ರಿಪ್ಟ್ ಓದಿದೆ. ನಿನ್ನ ಹೀರೋ ಹಗ್ಗವಾಗುತ್ತಾನೆ, ಕೊಡೆಯಾಗುತ್ತಾನೆ, ಬೀಗದ ತೂತಿನಲ್ಲಿ ನುಸುಳುತ್ತಾನೆ. ಕಲ್ಪನೆಗೇನೂ ಬರವಿಲ್ಲ. ಆದರೆ ನಾಲ್ಕು ಪುಟ ದಾಟುವಷ್ಟರಲ್ಲಿ ಅವನ ಬಗ್ಗೆ ಆತಂಕವೇ ಉಳಿಯುವುದಿಲ್ಲ. ಏನು ಬೇಕಾದರೂ ಆಗಬಲ್ಲವನಿಗೆ ಏನು ತಾನೇ ಆದೀತು, ಅಲ್ವಾ?

ಜ್ಯಾಕ್ ಕೋಲ್ 1941ರಲ್ಲಿ ಶುರುಮಾಡಿದ ಪ್ಲಾಸ್ಟಿಕ್ ಮ್ಯಾನ್ ಕಥೆಗಳನ್ನು ಹುಡುಕಿ ಓದು. ಅದರ ಹೀರೋ ಈಲ್ ಓಬ್ರಿಯನ್ ಮೊದಲು ಒಬ್ಬ ಕಳ್ಳ. ಕೆಮಿಕಲ್ ಕಾರ್ಖಾನೆಗೆ ಕನ್ನ ಹಾಕಲು ಹೋದಾಗ ಆ್ಯಸಿಡ್ ಮೈಮೇಲೆ ಬಿದ್ದು ಅವನ ಮೈ ರಬ್ಬರಿನಂತಾಗುತ್ತದೆ. ಆಮೇಲೆ ಅವನು ಪೊಲೀಸರ ಕಡೆ ಸೇರಿ, ಮನೆಸಾಮಾನಿನ ವೇಷದಲ್ಲಿ ಕಳ್ಳರ ನಡುವೆಯೇ ಕೂತಿರುತ್ತಾನೆ. ಆಕಾರ ಎಷ್ಟೇ ಬದಲಾದರೂ ಅವನ ಉಡುಪಿನ ಆ ಕೆಂಪು ಬಣ್ಣ, ಆ ಹಳದಿ-ಕಪ್ಪು ಪಟ್ಟೆ ಹೋಗುವುದಿಲ್ಲ. ಕಳ್ಳರಿಗೆ ಕಾಣದ್ದು ಓದುಗರಿಗೆ ಕಾಣುತ್ತದೆ. ಮಜಾ ಇರುವುದೇ ಅಲ್ಲಿ.

1961ರ ಫೆಂಟಾಸ್ಟಿಕ್ ಫೋರ್ ಕಾಮಿಕ್ಸ್ ಇನ್ನೂ ಆಳಕ್ಕೆ ಹೋಗುತ್ತದೆ. ಸ್ಟ್ಯಾನ್ ಲೀ, ಜ್ಯಾಕ್ ಕರ್ಬಿ ಇಬ್ಬರೂ ಸೇರಿ ಮಾಡಿದ್ದು. ಬಾಹ್ಯಾಕಾಶದ ಕಾಸ್ಮಿಕ್ ಕಿರಣ ಅಪಾಯ ಅಂತ ಬೆನ್ ಗ್ರಿಮ್ ಮೊದಲೇ ಹೇಳಿರುತ್ತಾನೆ. ಆದರೂ ಅವನ ಗೆಳೆಯ ರೀಡ್ ರಿಚರ್ಡ್ಸ್‌ನ ರಾಕೆಟ್ ಹಾರುತ್ತದೆ. ಅದೇ ಕಿರಣ ಇಬ್ಬರಿಗೂ ತಾಗುತ್ತದೆ. ರೀಡ್‌ಗೆ ಮೈ ಹಿಗ್ಗಿಸುವ ಶಕ್ತಿ ಬರುತ್ತದೆ, ಎಷ್ಟೇ ಹಿಗ್ಗಿದರೂ ಮತ್ತೆ ಮೊದಲಿನ ಮನುಷ್ಯನಾಗುತ್ತಾನೆ. ಬೆನ್ ಒರಟು ಬಂಡೆಯಂಥ ಮೈಯಲ್ಲಿ ಸಿಕ್ಕಿಕೊಳ್ಳುತ್ತಾನೆ. ರೀಡ್‌ನ ಕೈ ಎಲ್ಲಿಗೆ ಬೇಕಾದರೂ ಎಟುಕುತ್ತದೆ, ಗೆಳೆಯನ ಹಳೆಯ ಮೈಯನ್ನು ವಾಪಸ್ ತರಲು ಮಾತ್ರ ಒದಗುವುದಿಲ್ಲ. ಆ ಪುಟಗಳಲ್ಲಿ ನನ್ನನ್ನು ಈಗಲೂ ಹಿಡಿದಿಡುವುದು ಈ ನೋವು. ಅದರ ಮುಂದೆ ಎಷ್ಟು ಅಡಿ ಉದ್ದ ಚಾಚಿದ ಅನ್ನುವುದು ಸಣ್ಣ ವಿಷಯ.

2014ರಲ್ಲಿ ಸ್ವಂತ ಸರಣಿ ಶುರುವಾದ ಕಾಮಿಕ್ಸ್ ನಾಯಕಿ ಕಮಲಾ ಖಾನ್‌ಳನ್ನೂ ನೋಡು. ಜೆರ್ಸಿ ಸಿಟಿಯ ಪಾಕಿಸ್ತಾನಿ ಮೂಲದ ಹುಡುಗಿ. ಆಕಾರ ಬದಲಿಸುವ ಶಕ್ತಿ ಬಂದ ಕೂಡಲೇ ಅವಳ ಮೈ ಬಿಳಿಚರ್ಮ, ಹೊಂಬಣ್ಣದ ಕೂದಲಿನ ನಾಯಕಿಯ ರೂಪ ತಾಳುತ್ತದೆ. ಅವಳು ಏನಾಗಲು ಹಂಬಲಿಸುತ್ತಿದ್ದಳು ಅಂತ ಬೇರೆ ವಿವರಿಸಬೇಕೇ?

ಇನ್ನು ನಿನ್ನ ಬೆಂಕಿಯ ದೃಶ್ಯ. ಮೂರನೇ ಮಹಡಿಯ ಮಗುವಿಗೆ ನಿನ್ನ ಹೀರೋ ಕೆಳಗಿನಿಂದಲೇ ಕೈ ಚಾಚುತ್ತಾನೆ. ರಬ್ಬರನ್ನು ಹತ್ತು ಪಟ್ಟು ಉದ್ದಕ್ಕೆ ಎಳೆದರೆ ಅದರ ದಪ್ಪ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಅವನ ತೋಳೂ ಹಾಗೇ ಸಣ್ಣಗಾಗಲಿ. ಅಷ್ಟು ತೆಳ್ಳಗಿನ ಕೈಯಲ್ಲಿ ಮಗುವಿನ ಭಾರ ಹೊರುವುದು ಹೇಗೆ? ಸುಮ್ನೆ ಎತ್ತಿ ಇಳಿಸಿಬಿಡಬೇಡ. ಎರಡು ಪುಟ ಜಾಸ್ತಿ ಆದರೂ ಪರವಾಗಿಲ್ಲ, ಆ ದೃಶ್ಯವನ್ನು ಮತ್ತೆ ಬರೆದು ಕಳಿಸು.