ವಯಸ್ಕ ವಿಶೇಷಚೇತನರಿಗೂ ಆಸರೆ ಸಿಗಲಿ

ಮಾನ್ಯರೇ,

ಬೌದ್ಧಿಕ ವಿಕಲತೆ ಇರುವವರ ವಿಷಯದಲ್ಲಿ ಸರ್ಕಾರವಾಗಲಿ ದಾನಿಗಳಾಗಲಿ ತೋರುವ ಕಾಳಜಿ ಬಹುಮಟ್ಟಿಗೆ ಅವರು ಮಕ್ಕಳಾಗಿರುವವರೆಗೆ ಮಾತ್ರ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಶೇ 40ಕ್ಕಿಂತ ಕಡಿಮೆಯಿಲ್ಲದ ವಿಕಲತೆ ಇರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. ಆಮೇಲೆ ಅವರು ಹಗಲೆಲ್ಲ ಎಲ್ಲಿರಬೇಕು, ಏನು ಮಾಡಬೇಕು ಎಂಬ ಚಿಂತೆಯನ್ನು ಹೆತ್ತವರ ಜೊತೆ ಹಂಚಿಕೊಂಡಿರುವುದು ಹೆಚ್ಚಾಗಿ ಸ್ವಯಂಸೇವಾ ಸಂಸ್ಥೆಗಳೇ. ಅವುಗಳಲ್ಲಿ ಎಷ್ಟೋ ಸಂಸ್ಥೆಗಳನ್ನು ಕಟ್ಟಿದವರೂ ಇಂಥ ಮಕ್ಕಳ ತಂದೆತಾಯಿಯರೇ.

ವಿಶೇಷ ಶಾಲೆಯಲ್ಲಿ ಕೆಲಸ ಮಾಡಿ ನಿವೃತ್ತಳಾದ ನನಗೆ ಪೋಷಕರ ಸಭೆಗಳಲ್ಲಿ ಅತಿ ಹೆಚ್ಚು ಕೇಳಿಬಂದ ಪ್ರಶ್ನೆ ಓದುಬರಹದ್ದಲ್ಲ, 'ನಾವು ಹೋದ ಮೇಲೆ ಇವನ ಗತಿಯೇನು?' ಎಂಬುದು. ಈ ಪ್ರಶ್ನೆಗೆ ಕಾನೂನಿನಲ್ಲಿ ಒಂದಿಷ್ಟು ಉತ್ತರವಿದೆ. ಮಗನಿಗೆ 18 ತುಂಬಿದೊಡನೆ ಕಾನೂನಿನ ದೃಷ್ಟಿಯಲ್ಲಿ ತಂದೆತಾಯಿ ಅವನ ಸಹಜ ಪೋಷಕರಾಗಿ, ಅಂದರೆ ಅವನ ಪರವಾಗಿ ವ್ಯವಹರಿಸುವ ಹಕ್ಕುಳ್ಳವರಾಗಿ, ಉಳಿಯುವುದಿಲ್ಲ. ಬ್ಯಾಂಕ್ ಖಾತೆ, ಕುಟುಂಬ ಪಿಂಚಣಿ, ಆಸ್ತಿಯಲ್ಲಿನ ಪಾಲು ಇವುಗಳ ವ್ಯವಹಾರಕ್ಕೆ ಪೋಷಕತ್ವದ ಪ್ರಮಾಣಪತ್ರ ಕೇಳುತ್ತಾರೆ. ಸ್ವಲೀನತೆ (ಆಟಿಸಂ), ಮಿದುಳಿನ ಪಾರ್ಶ್ವವಾಯು (ಸೆರೆಬ್ರಲ್ ಪಾಲ್ಸಿ), ಬೌದ್ಧಿಕ ವಿಕಲತೆ ಹಾಗೂ ಬಹುವಿಕಲತೆ ಇರುವವರಿಗಾಗಿ 1999ರಲ್ಲಿ ಬಂದ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯ ಪ್ರಕಾರ ಈ ಪ್ರಮಾಣಪತ್ರ ಕೊಡುವುದು ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಮಟ್ಟದ ಸಮಿತಿ. ಅದರಲ್ಲಿ ನ್ಯಾಸದಲ್ಲಿ ನೋಂದಾಯಿತವಾದ ಸಂಸ್ಥೆಯೊಂದರ ಪ್ರತಿನಿಧಿ ಮತ್ತು ವಿಕಲಚೇತನರೊಬ್ಬರು ಇರಲೇಬೇಕು. ಅಂದರೆ ಸ್ವಯಂಸೇವಾ ಸಂಸ್ಥೆಯಿಲ್ಲದೆ ಸಮಿತಿಯೇ ಪೂರ್ಣವಾಗದು.

ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕೆಂದು ಕಾಯ್ದೆ ಹೇಳುತ್ತದೆ. ಆದರೆ ಜಿಲ್ಲಾಧಿಕಾರಿಗಳಿಗೆ ಚುನಾವಣೆ, ಬರ, ನೆರೆ ಎಂದು ನೂರೆಂಟು ತುರ್ತುಗಳಿರುವಾಗ ಇಂಥ ಸಭೆ ಮುಂದಕ್ಕೆ ಹೋಗುವುದು ಅಚ್ಚರಿಯಲ್ಲ. ಎಪ್ಪತ್ತು ದಾಟಿದ ತಾಯಿ, ಬಸ್ಸಿನಲ್ಲಿ ಕೂರಲು ಹೆದರುವ ಮಗನನ್ನು ತಾಲ್ಲೂಕಿನಿಂದ ಕರೆತಂದು 'ಇವತ್ತು ಸಭೆ ಇಲ್ಲ' ಎನ್ನಿಸಿಕೊಂಡು ಹಿಂದಿರುಗುವುದು ಎಂಥ ಶಿಕ್ಷೆ! ವರ್ಷದ ನಾಲ್ಕೂ ಸಭೆಗಳ ದಿನಾಂಕವನ್ನು ಮೊದಲೇ ಗೊತ್ತುಮಾಡಿ, ಗ್ರಾಮ ಪಂಚಾಯಿತಿಗಳಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಮೂಲಕ ಮನೆಗಳಿಗೆ ತಿಳಿಸುವುದಕ್ಕೆ ಹೆಚ್ಚಿನ ಖರ್ಚೇನೂ ಬೇಕಿಲ್ಲ.

ಇನ್ನು ಹಗಲು ಆರೈಕೆ ಕೇಂದ್ರಗಳ ಮಾತು. ಹುಟ್ಟುಹಬ್ಬಕ್ಕೋ ಹಿರಿಯರ ಪುಣ್ಯತಿಥಿಗೋ ಬಂದು ಸಿಹಿಯೂಟ ಹಾಕಿಸುವವರಿಗೆ ಕೊರತೆಯಿಲ್ಲ. (ಕೆಲವು ತಿಂಗಳು ಹೋಳಿಗೆ ಎಷ್ಟಾಗುತ್ತದೆಂದರೆ ಅಡುಗೆಯವರೇ ಬೇಡವೆನ್ನುತ್ತಾರೆ.) ಆದರೆ ಶಿಕ್ಷಕಿಯರ ಸಂಬಳ, ವ್ಯಾನಿನ ಡೀಸೆಲ್, ಶೌಚಾಲಯಕ್ಕೆ ಕರೆದೊಯ್ಯುವ ಆಯಾಗಳ ಕೂಲಿ ಇವಕ್ಕೆ ಹಣ ಕೊಡುವವರು ಅಪರೂಪ. ಕೇಂದ್ರ ನಡೆಯುವುದೋ ಮುಚ್ಚುವುದೋ ನಿಂತಿರುವುದು ಇವುಗಳ ಮೇಲೆ. ದಾನಿಗಳು ಒಂದು ಊಟದ ಬದಲು ಒಬ್ಬ ಆಯಾಳ ವರ್ಷದ ಸಂಬಳವನ್ನು ನಾಲ್ಕಾರು ಮಂದಿ ಸೇರಿ ವಹಿಸಿಕೊಳ್ಳುವುದು ಒಳ್ಳೆಯದು. ಹಾಗೆಂದು ದಾನದ ಮೇಲೆಯೇ ಎಲ್ಲವನ್ನೂ ಬಿಟ್ಟು ಸರ್ಕಾರ ಕೈಕಟ್ಟಿ ಕೂರುವಂತಿಲ್ಲ. ಸಂಸ್ಥೆಗಳು ಹೆಚ್ಚಿರುವುದು ಬೆಂಗಳೂರಿನಂಥ ನಗರಗಳಲ್ಲಿ. ತಾಲ್ಲೂಕಿನ ಯುವಕನೊಬ್ಬನಿಗೆ ಶಾಲೆ ಮುಗಿದ ಮೇಲೆ ಉಳಿಯುವುದು ಮನೆಯ ಜಗಲಿ ಮಾತ್ರ.

ಈ ಕೇಂದ್ರಗಳಲ್ಲಿ ವಯಸ್ಕರು ಕಾಗದದ ಕವರು, ಕಡತ, ಹೂಬತ್ತಿಗಳನ್ನು ಅಚ್ಚುಕಟ್ಟಾಗಿ ಮಾಡುತ್ತಾರೆ. ನಿಧಾನ ನಿಜ, ಆದರೆ ತಪ್ಪು ಕಡಿಮೆ. ರಾಜ್ಯದಲ್ಲಿ 2016ರಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧವಾದಾಗ ಕಾಗದದ ಚೀಲಕ್ಕೆ ಬೇಡಿಕೆ ಬರುತ್ತದೆಂದು ನಾವೆಲ್ಲ ಆಸೆಪಟ್ಟಿದ್ದೆವು. ನಿಷೇಧ ಎಷ್ಟರಮಟ್ಟಿಗೆ ಜಾರಿಯಾಗಿದೆ ಎಂಬುದು ಸಂತೆಗೆ ಹೋದವರಿಗೆಲ್ಲ ಗೊತ್ತು. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಕಚೇರಿಗಳು ತಮಗೆ ಬೇಕಾದ ಕಡತ ಮತ್ತು ಲಕೋಟೆಗಳಲ್ಲಿ ಒಂದು ಪಾಲನ್ನು ಈ ಕೇಂದ್ರಗಳಿಂದಲೇ ಕೊಂಡು, ಬಿಲ್ಲನ್ನು ತಿಂಗಳೊಳಗೆ ಪಾವತಿಸುವಂತೆ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ ಸುತ್ತೋಲೆ ಹೊರಡಿಸಲು ಮುಂದಾಗಬೇಕು.

– ನಿವೃತ್ತ ವಿಶೇಷ ಶಿಕ್ಷಕಿ, ತುಮಕೂರು