ಕನ್ನಡ ಬಾರದ ಮಗುವೋ, ಕಿವಿ ಮಂದವಾದ ಮಗುವೋ? ಜಿಲ್ಲಾಧಿಕಾರಿಯವರಿಗೊಂದು ಬಹಿರಂಗ ಪತ್ರ

ಉತ್ತರ ಕನ್ನಡದ ಮಾನ್ಯ ಜಿಲ್ಲಾಧಿಕಾರಿಯವರಿಗೆ ನಮಸ್ಕಾರಗಳು.

ನಾನು ಕಾರವಾರ ತಾಲೂಕಿನ ಸರ್ಕಾರಿ ಶಾಲೆಯೊಂದರಲ್ಲಿ ನಲಿ-ಕಲಿ ತರಗತಿ ನಡೆಸುವವಳು. ನಮ್ಮ ಮಕ್ಕಳಲ್ಲಿ ಹೆಚ್ಚಿನವರ ಮನೆಮಾತು ಕೊಂಕಣಿ. ಒಂದನೇ ತರಗತಿಯ ಮಗು ಕರೆದರೂ ಸುಮ್ಮನೆ ಕೂತಿದ್ದರೆ, 'ಕನ್ನಡ ಇನ್ನೂ ಬರುವುದಿಲ್ಲ, ದಿನ ಕಳೆದಂತೆ ಬರುತ್ತದೆ ಬಿಡಿ' ಎನ್ನುತ್ತೇವೆ. ಅಂಥವರಲ್ಲಿ ಕೆಲವರಿಗೆ ಕಿವಿಯೇ ಮಂದವಾಗಿದೆಯೆಂಬುದು ಯಾರ ಗಮನಕ್ಕೂ ಬರುವುದಿಲ್ಲ.

ಮೂಗಿನ ಹಿಂಭಾಗದಿಂದ ನಡುಗಿವಿಗೆ ಗಾಳಿ ಒಯ್ಯುವ ನಾಳ ಮಕ್ಕಳಲ್ಲಿ ಗಿಡ್ಡ, ಕಿರಿದು, ಹೆಚ್ಚುಕಡಿಮೆ ಅಡ್ಡಲಾಗಿರುತ್ತದೆ. ನೆಗಡಿಯಾದರೆ, ಮೂಗಿನ ಹಿಂಭಾಗದ ಅಡೆನಾಯ್ಡ್ ಗ್ರಂಥಿ ಊದಿದರೆ ಆ ನಾಳ ಕಟ್ಟಿಕೊಂಡು ಕಿವಿಯ ತಮಟೆಯ ಹಿಂದೆ ದ್ರವ ನಿಲ್ಲುತ್ತದೆ. ಕೆಲವರಲ್ಲಿ ಅಂಟಿನಂತೆ ಗಟ್ಟಿಯಾಗುತ್ತದೆ. ಕೀವಾದ ಕಿವಿಗೆ ಮಗು ರಾತ್ರಿಯಿಡೀ ಅಳುತ್ತದೆ, ಮನೆಯವರು ಆಸ್ಪತ್ರೆಗೆ ಓಡುತ್ತಾರೆ. ಆದರೆ ಹೀಗೆ ಬರೀ ದ್ರವ ನಿಂತಾಗ ಸಾಮಾನ್ಯವಾಗಿ ಜ್ವರವಿಲ್ಲ, ಅಂಥ ನೋವಿಲ್ಲ, ಸೋರುವುದೂ ಇಲ್ಲ. ಜೋರಾಗಿ ಕರೆದರೆ ಮಗು ತಿರುಗಿ ನೋಡುತ್ತದೆ, ಹಾಗಾಗಿ ಸಂಶಯವೂ ಬಾರದು. ಆದರೆ ಮೆಲ್ಲಗೆ ನುಡಿಯುವ ಸ, ತ, ಪ ಅದರ ಕಿವಿಗೆ ಸಿಗುವುದಿಲ್ಲ. ಮನೆಮಾತಿನಲ್ಲಾದರೆ ತಪ್ಪಿದ್ದನ್ನು ಊಹಿಸಿಕೊಂಡೀತು. ಈಗಷ್ಟೇ ಕಿವಿಗೆ ಬೀಳುತ್ತಿರುವ ಕನ್ನಡದಲ್ಲಿ ಏನೆಂದು ಊಹಿಸಬೇಕು? ನಮ್ಮ ಕರಾವಳಿಯಲ್ಲಿ ಶಾಲೆ, ಮಳೆ, ನೆಗಡಿ ಒಟ್ಟಿಗೇ ಶುರು. ಹೆಂಚಿನ ಮೇಲೆ ಮಳೆ ಸುರಿಯುವಾಗ ಒಳ್ಳೆಯ ಕಿವಿಗೂ ಪಾಠ ಕೇಳಿಸುವುದು ಕಷ್ಟ.

ಹೆಚ್ಚಿನವರಲ್ಲಿ ಈ ದ್ರವ ಮೂರು ತಿಂಗಳೊಳಗೆ ತಾನಾಗಿ ಇಂಗುತ್ತದೆ. ಅದಕ್ಕೆ ಆಂಟಿಬಯಾಟಿಕ್ ಬೇಡ. ಬೆಳ್ಳುಳ್ಳಿ ಎಣ್ಣೆ ಬಿಡುವುದಂತೂ ಬೇಡವೇ ಬೇಡ, ಅದು ತಮಟೆ ದಾಟಿ ಒಳಗೆ ಹೋಗುವುದಿಲ್ಲ. ತಮಟೆ ತೂತಾಗಿದ್ದರೆ ಅಪಾಯ ಬೇರೆ. ಮೂರು ತಿಂಗಳಾದ ಮೇಲೂ ದ್ರವ ಉಳಿದರೆ ಶ್ರವಣ ಪರೀಕ್ಷೆ ಆಗಬೇಕು, ಕೆಲವರಿಗೆ ಗ್ರೊಮೆಟ್ ಎಂಬ ಪುಟ್ಟ ನಳಿಕೆ ಹಾಕಬೇಕಾಗುತ್ತದೆ. ಅಂದರೆ ಮೂರು ತಿಂಗಳ ಅಂತರದಲ್ಲಿ ಎರಡು ಸಲ ನೋಡದೆ ತೀರ್ಮಾನವಿಲ್ಲ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯಕೀಯ ತಂಡ ಮಕ್ಕಳಲ್ಲಿ ತಪಾಸಿಸಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ನಡುಗಿವಿಯ ಉರಿಯೂತ ಇದೆ. ನಿಯಮದಂತೆ ಅಂಗನವಾಡಿಗೆ ವರ್ಷಕ್ಕೆರಡು ಭೇಟಿ, ಶಾಲೆಗೆ ಒಂದೇ. ಒಂದು, ಎರಡನೇ ತರಗತಿಗಳಿಗಾದರೂ ಆಗಸ್ಟ್‌ನಲ್ಲಿ ಒಮ್ಮೆ, ನವೆಂಬರ್‌ನಲ್ಲಿ ಮತ್ತೊಮ್ಮೆ ಕಿವಿ ತಪಾಸಣೆ ಮಾಡಿಸಿ. ತಂಡದ ಕೈಯಲ್ಲಿ ಟಿಂಪನೋಮೀಟರ್ ಇರಲಿ. ಬರೀ ಟಾರ್ಚಿಗೆ ಇದು ಸಿಗುವ ತೊಂದರೆಯಲ್ಲ. ಗಾಳಿಯ ಒತ್ತಡ ಬದಲಿಸಿ ತಮಟೆ ಎಷ್ಟು ಅಲುಗುತ್ತದೆಂದು ಆ ಉಪಕರಣ ಕೆಲವೇ ಸೆಕೆಂಡಿನಲ್ಲಿ ಅಳೆಯುತ್ತದೆ. ಮಗು ಬಾಯಿ ಬಿಡಬೇಕಿಲ್ಲ, ಕೊಂಕಣಿಯಾದರೇನು, ಕನ್ನಡವಾದರೇನು.

ಇನ್ನೊಂದು ಮಾತು. ಜೋಯಿಡಾ, ಸಿದ್ದಾಪುರದ ತಾಯಂದಿರು ಕೂಲಿ ಬಿಟ್ಟು, ಘಟ್ಟ ಇಳಿದು ಎರಡೆರಡು ಸಲ ಕಾರವಾರಕ್ಕೆ ಬರಲಾರರು. ತಿಂಗಳಿಗೊಂದು ದಿನ ಶ್ರವಣ ತಜ್ಞರೇ ತಾಲೂಕು ಆಸ್ಪತ್ರೆಗೆ ಹೋಗುವಂತಾಗಲಿ.

ಪದೇ ಪದೇ 'ಹಾಂ?' ಎನ್ನುವ, ಬಾಯಿ ತೆರೆದೇ ಉಸಿರಾಡುವ, ನೆಗಡಿ ಬಿಡದ ಮಕ್ಕಳ ಹೆಸರು ಮೊದಲೇ ಬರೆದಿಡುವ ಕೆಲಸ ನಮಗಿರಲಿ. ಮಳೆಗಾಲಕ್ಕೆ ಮುಂಚೆ ಆದೇಶ ಹೊರಡಿಸಬೇಕೆಂದು ಕೋರುತ್ತೇನೆ.

ಇಂತಿ,
ಕಾರವಾರ ತಾಲೂಕಿನ ಪ್ರಾಥಮಿಕ ಶಾಲಾ ಶಿಕ್ಷಕಿ